ಗಂಟುಮೂಟೆ ಕಟ್ಟುವ ಕೆಲಸ: ಸರ್ ವಿಲಿಯಂ ಲೂಸ್ ಮತ್ತು ಕೊಲ್ಲಿಯಲ್ಲಿ ಬ್ರಿಟಿಷ್ ಅಧಿಕಾರದ ಕೊನೆ



ಸಾಮ್ರಾಜ್ಯ ಕಟ್ಟಿದ ಅಧಿಕಾರಿಗಳನ್ನು ನಾವು ಸುಲಭವಾಗಿ ಮರೆಯುವುದಿಲ್ಲ. ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ನಮ್ಮ ಕಂದಾಯ ಚರಿತ್ರೆಯಲ್ಲಿದ್ದಾರೆ. ಮಾರ್ಕ್ ಕಬ್ಬನ್ ಬೆಂಗಳೂರಿನ ಉದ್ಯಾನದಲ್ಲಿದ್ದಾರೆ, ಬೌರಿಂಗ್ ಆಸ್ಪತ್ರೆಯ ಫಲಕದಲ್ಲಿದ್ದಾರೆ. ಆದರೆ 1947ರಲ್ಲಿ ಮೈಸೂರಿನಿಂದ ಗಂಟುಮೂಟೆ ಕಟ್ಟಿ ಹೊರಟ ಕೊನೆಯ ರೆಸಿಡೆಂಟ್ ಯಾರು ಎಂದು ಕೇಳಿದರೆ ಚರಿತ್ರೆಯ ಮೇಷ್ಟರೂ ತಡವರಿಸುತ್ತಾರೆ. ಬಂದವರ ಹೆಸರು ಉಳಿಯಿತು, ಹೋದವರ ಹೆಸರು ಅಳಿಯಿತು. ಹೋಗುವುದು ಒಂದು ಕೆಲಸವೇ ಅಲ್ಲವೆಂದು ನಾವು ಎಣಿಸಿದ್ದೇವೇನೋ.

ಅದೂ ಒಂದು ಕೆಲಸ, ಅದರಲ್ಲೂ ಚೆನ್ನಾಗಿ ಮಾಡುವವರು ಮತ್ತು ಕೆಡಿಸುವವರು ಇರುತ್ತಾರೆ ಎಂಬುದನ್ನು ಒಬ್ಬ ಅಧಿಕಾರಿಯ ವೃತ್ತಿಜೀವನದ ಮೂಲಕ ನೋಡುವುದು ಇಂದಿನ ದತ್ತಿ ಉಪನ್ಯಾಸದ ಉದ್ದೇಶ. ಆ ಅಧಿಕಾರಿ ಸರ್ ವಿಲಿಯಂ ಲೂಸ್. 1907ರಲ್ಲಿ ಹುಟ್ಟಿ 1977ರಲ್ಲಿ ತೀರಿಕೊಂಡವರು. ಸೂಡಾನ್, ಏಡನ್ ಮತ್ತು ಈ ಕೊಲ್ಲಿ, ಮೂರು ಕಡೆಯೂ ಬ್ರಿಟನ್ನಿನ ಅಧಿಕಾರ ಮುಗಿಯುತ್ತ ಬಂದಾಗ ಅವರು ಆಯಕಟ್ಟಿನ ಜಾಗದಲ್ಲಿದ್ದರು. ಮೂರರ ಫಲ ಮೂರು ಬಗೆ. ಒಬ್ಬನೇ ಮನುಷ್ಯ, ಒಂದೇ ತರಬೇತಿ. ಹಾಗಿದ್ದೂ ಫಲ ಬೇರೆ ಬೇರೆಯಾದದ್ದೇಕೆ? ಅಧಿಕಾರಿಯ ಜಾಣ್ಮೆಗಿಂತ, ಹಿಂದೆ ಉಳಿಯುವವರು ತಮ್ಮತಮ್ಮಲ್ಲೇ ಕೂತು ಮಾತು ಮುಗಿಸಬಲ್ಲರೇ ಎಂಬುದು ದೊಡ್ಡದಾಗಿತ್ತು ಎಂದು ನಾನು ವಾದಿಸುತ್ತೇನೆ. ಲೂಸ್ ಇದನ್ನು ಕಲಿತದ್ದು ತಡವಾಗಿ, ಆದರೆ ಕಲಿತರು. ನನಗೆ ಅವರಲ್ಲಿರುವ ಆಸಕ್ತಿ ಅಷ್ಟಕ್ಕೇ.

ಮೊದಲು ಹಿನ್ನೆಲೆ. ಇಂದಿನ ಯುಎಇ ಇರುವ ಈ ಕರಾವಳಿ ಎಂದೂ ಬ್ರಿಟನ್ನಿನ ವಸಾಹತು ಆಗಿರಲಿಲ್ಲ. 1820ರ ಸಾಮಾನ್ಯ ಶಾಂತಿ ಒಪ್ಪಂದ, 1853ರ ಶಾಶ್ವತ ಕಡಲ ಕದನವಿರಾಮ, 1892ರ ವಿಶೇಷ ಒಪ್ಪಂದ, ಈ ಮೂರು ಕಾಗದಗಳ ಮೇಲೆ ಇಡೀ ಸಂಬಂಧ ನಿಂತಿತ್ತು. ಮೂರನೆಯದರ ಪ್ರಕಾರ ಇಲ್ಲಿನ ಶೇಖರು ಬ್ರಿಟನ್ನನ್ನು ಬಿಟ್ಟು ಬೇರಾವ ದೇಶದ ಜೊತೆಗೂ ವ್ಯವಹರಿಸುವಂತಿಲ್ಲ, ನೆಲವನ್ನು ಬೇರೆಯವರಿಗೆ ಕೊಡುವಂತಿಲ್ಲ. ಒಳಾಡಳಿತ ಶೇಖರದು, ಹೊರಗಿನ ಬಾಗಿಲ ಕೀಲಿ ಬ್ರಿಟಿಷರದು. ಈ ಕೀಲಿ ಹಿಡಿದವರು ಲಂಡನ್ನಿನಿಂದ ಬಂದವರಲ್ಲ, ಇಂಡಿಯಾದಿಂದ ಬಂದವರು. ಇರಾನಿನ ಬೂಶೆಹರ್‌ನಲ್ಲಿದ್ದ ಪೊಲಿಟಿಕಲ್ ರೆಸಿಡೆಂಟ್ 1873ರವರೆಗೆ ಮುಂಬಯಿ ಸರ್ಕಾರಕ್ಕೆ, ಆಮೇಲೆ ಇಂಡಿಯಾ ಸರ್ಕಾರಕ್ಕೆ ಉತ್ತರ ಹೇಳಬೇಕಿತ್ತು. 1909ರಲ್ಲಿ ದುಬೈಯಲ್ಲಿ ತೆರೆದ ಅಂಚೆ ಕಚೇರಿ ಇಂಡಿಯಾದ ಅಂಚೆ ಇಲಾಖೆಯದು. ಬಹರೈನ್‌ನಲ್ಲಿ ಮೊದಲು, ಆಮೇಲೆ ಈ ಕರಾವಳಿಯಲ್ಲಿ, ಬ್ರಿಟಿಷ್ ನ್ಯಾಯಾಧಿಕಾರಕ್ಕೆ ಒಳಪಟ್ಟವರಿಗೆ ಇಂಡಿಯನ್ ಪೀನಲ್ ಕೋಡ್ ಮೊದಲಾದ ಬ್ರಿಟಿಷ್ ಇಂಡಿಯಾದ ಕಾನೂನುಗಳನ್ನೇ ಅನ್ವಯಿಸಿದರು.

ಕನ್ನಡಿಗರಿಗೆ ಈ ಏರ್ಪಾಡು ಅಪರಿಚಿತವಲ್ಲ. 1881ರಲ್ಲಿ ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದಾಗ ಅದರ ಜೊತೆ ಬಂದ ಷರತ್ತುಗಳ ಪಟ್ಟಿ ಉದ್ದವಾಗಿತ್ತು. ಬೆಂಗಳೂರಿನ ದಂಡು ಪ್ರದೇಶ ಮಹಾರಾಜರ ರಾಜಧಾನಿಯ ಮಗ್ಗುಲಲ್ಲೇ ಇದ್ದರೂ ಮಹಾರಾಜರ ಕಾನೂನಿಗೆ ಒಳಪಟ್ಟಿರಲಿಲ್ಲ. ಅಲ್ಲಿ ರೆಸಿಡೆಂಟರ ಮಾತೇ ಮಾತು. 1947ರ ಜುಲೈಯಲ್ಲಷ್ಟೇ ಅದು ಮೈಸೂರಿಗೆ ಮರಳಿತು. ಗೌರವಕ್ಕೆ ಹಾರಿಸುವ ತೋಪುಗಳ ಲೆಕ್ಕದಲ್ಲಿ ಮೈಸೂರು 21ರ ಸಾಲಿನದು. ಈ ಕರಾವಳಿಯ ಶೇಖರಿಗೆ ಮೂರೋ ಐದೋ. ಅಂತರ ಅಷ್ಟಿದ್ದರೂ ಎರಡೂ ಕಡೆ ಕುಳಿತಿದ್ದ ಅಧಿಕಾರಿ ಇಂಡಿಯಾದ ಒಂದೇ ರಾಜಕೀಯ ಇಲಾಖೆಯವನು, ಒಂದೇ ಕೈಪಿಡಿ ಓದಿದವನು.

1947ರ ಆಗಸ್ಟ್‌ನಲ್ಲಿ ಆ ಇಲಾಖೆ ಇಂಡಿಯಾದಲ್ಲಿ ಮುಚ್ಚಿತು. ಸಂಸ್ಥಾನಗಳ ಮೇಲಿದ್ದ ಪರಮಾಧಿಕಾರ ಹೊಸ ಸರ್ಕಾರಕ್ಕೆ ಹಸ್ತಾಂತರವಾಗದೆ ಕಾನೂನಿನ ಪ್ರಕಾರ ಅಲ್ಲಿಗೇ ಕೊನೆಗೊಂಡಿತು. ವೈಸರಾಯ್ ಅವರ ರಾಜಕೀಯ ಸಲಹೆಗಾರ ಕಾನ್ರಾಡ್ ಕಾರ್ಫೀಲ್ಡ್, ಸಂಸ್ಥಾನಿಕರ ಖಾಸಗಿ ಬದುಕಿನ ಕಡತಗಳನ್ನು ಹೊಸ ಸರ್ಕಾರದ ಕೈಗೆ ಸಿಗದಂತೆ ಸುಡಿಸಿದ ವಿಷಯ ಪ್ರಸಿದ್ಧ. ಕೊಲ್ಲಿಯಲ್ಲಿ ಮಾತ್ರ ಅದೇ ಏರ್ಪಾಡು ವಿದೇಶಾಂಗ ಕಚೇರಿಯ ಕೈಗೆ ದಾಟಿ ಇನ್ನೂ ಇಪ್ಪತ್ತನಾಲ್ಕು ವರ್ಷ ಬದುಕಿತು. ಇಂಡಿಯಾಕ್ಕೆ ಹೋಗುವ ದಾರಿ ಕಾಯಲೆಂದು ಕಟ್ಟಿದ ಕಾವಲುಕಟ್ಟೆ ಇಂಡಿಯಾ ಕೈತಪ್ಪಿದ ಮೇಲೂ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಎಣ್ಣೆ ಬಂದಿತ್ತು.

ಲೂಸ್ ಇಂಡಿಯಾದಿಂದ ಬಂದವರಲ್ಲ. ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗ, ಕೇಂಬ್ರಿಜ್‌ನಲ್ಲಿ ಓದಿ 1930ರಲ್ಲಿ ಸೂಡಾನ್ ಪೊಲಿಟಿಕಲ್ ಸರ್ವಿಸ್ ಸೇರಿದರು. ಅದು ಸಣ್ಣ, ತನ್ನ ಬಗ್ಗೆ ತನಗೇ ಬಹಳ ಗೌರವವಿದ್ದ ಸೇವೆ. ಅರ್ಧ ಶತಮಾನಕ್ಕೂ ಮೀರಿದ ಅದರ ಆಯುಷ್ಯದಲ್ಲಿ ಒಟ್ಟು ಸುಮಾರು 400 ಜನ ಅಷ್ಟೇ ಅದರಲ್ಲಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಆಟದ ಮೈದಾನಗಳಿಂದ ಆಯ್ದ ಹುಡುಗರೆಂದು ಹೆಸರು. ಅರಬ್ಬಿ ಕಲಿಯಬೇಕು, ಒಂಟೆಯ ಮೇಲೆ ಜಿಲ್ಲೆ ಸುತ್ತಬೇಕು, ದೂರು ಕೇಳಬೇಕು. ಸೂಡಾನ್ ಹೆಸರಿಗೆ ಬ್ರಿಟನ್ ಮತ್ತು ಈಜಿಪ್ಟ್ ಎರಡರ ಜಂಟಿ ಆಡಳಿತದಲ್ಲಿತ್ತು. ಹೀಗಾಗಿ ಅಲ್ಲಿನ ಅಧಿಕಾರಿಗಳಿಗೆ, ಈ ನೆಲ ನಮ್ಮ ಸ್ವಂತದ್ದಲ್ಲ ಎಂಬ ಎಚ್ಚರ ಮೊದಲಿಂದಲೇ ಇತ್ತು. 1953ರ ಒಪ್ಪಂದದ ನಂತರ ಸ್ವಾತಂತ್ರ್ಯದ ವೇಗ ಯಾರೂ ನೆನೆಸದಷ್ಟು ಹೆಚ್ಚಿತು. ಗವರ್ನರ್ ಜನರಲ್ ಅವರ ಸಂವಿಧಾನ ಹಾಗೂ ಹೊರವ್ಯವಹಾರಗಳ ಸಲಹೆಗಾರರಾಗಿ ಲೂಸ್ ಆ ಕೊನೆಯ ವರ್ಷಗಳನ್ನು ಖಾರ್ತೂಮಿನಲ್ಲಿ ಕಂಡರು. 1956ರ ಜನವರಿ 1ರಂದು ಸೂಡಾನ್ ಸ್ವತಂತ್ರವಾಯಿತು.

ಲಂಡನ್ ಅದನ್ನು ಯಶಸ್ಸು ಎಂದು ಬರೆದುಕೊಂಡಿತು. ಉತ್ತರದ ಪಕ್ಷಗಳು ಬಲವಾಗಿದ್ದವು, ಮಾತಾಡಿದವು, ಪಡೆದವು. ದಕ್ಷಿಣದವರು ಮಾತುಕತೆಯ ಕೋಣೆಯಲ್ಲಿ ಇರಲೇ ಇಲ್ಲ. 1955ರ ಆಗಸ್ಟ್‌ನಲ್ಲಿ ಟೋರಿತ್‌ನಲ್ಲಿ ದಕ್ಷಿಣದ ಸೈನಿಕರು ದಂಗೆ ಎದ್ದದ್ದು ಸ್ವಾತಂತ್ರ್ಯಕ್ಕೆ ನಾಲ್ಕು ತಿಂಗಳ ಮುಂಚೆ. ಆ ಬೆಂಕಿ ದಕ್ಷಿಣ ಸೂಡಾನ್ ಪ್ರತ್ಯೇಕವಾದ 2011ರವರೆಗೂ ಬೇರೆ ಬೇರೆ ರೂಪದಲ್ಲಿ ಉರಿಯಿತು. ಇದನ್ನು ಒಬ್ಬ ಸಲಹೆಗಾರನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಶಾಂತವಾಗಿ ನಡೆದ ಹಸ್ತಾಂತರ ಯಾರ ಪಾಲಿಗೆ ಶಾಂತವಾಗಿತ್ತು ಎಂಬ ಪ್ರಶ್ನೆಯನ್ನು ನಾವು ಕೈಬಿಡುವ ಹಾಗಿಲ್ಲ.

ಏಡನ್‌ಗೆ ಲೂಸ್ ಗವರ್ನರ್ ಆಗಿ ಹೋದದ್ದು ಅದೇ 1956ರಲ್ಲಿ, ಸೂಯೆಜ್ ಕಾಲುವೆಯ ಬಿಕ್ಕಟ್ಟಿನ ವರ್ಷದಲ್ಲಿ. ಅಲ್ಲಿ ಎರಡು ಲೋಕಗಳಿದ್ದವು. ಬಂದರು ಪಟ್ಟಣ ನೇರ ವಸಾಹತು. 1937ರವರೆಗೆ ಇಂಡಿಯಾದ ಆಡಳಿತಕ್ಕೆ ಸೇರಿದ್ದ ಊರು ಅದು. ಅಲ್ಲಿ ಎಣ್ಣೆ ಶುದ್ಧೀಕರಣ ಘಟಕ, ಹಡಗುಕಟ್ಟೆ, ಕಾರ್ಮಿಕ ಸಂಘಗಳು, ಕೈರೋ ರೇಡಿಯೋ ಕೇಳುವ ಯುವಕರು. ಅದರ ಹಿಂದೆ ಬೆಟ್ಟಗಾಡಿನ ಸುಲ್ತಾನರ, ಶೇಖರ ಸಂರಕ್ಷಿತ ಸೀಮೆ. 1958ರಲ್ಲೇ ಲೂಸ್ ಲಂಡನ್ನಿಗೆ, ಏಡನ್ನಿನಿಂದ ಕ್ರಮೇಣ ಬಿಡಿಸಿಕೊಳ್ಳುವುದೇ ಲೇಸು, ಪಟ್ಟಣವನ್ನೂ ಸೀಮೆಯನ್ನೂ ಕೂಡಿಸಿ ಸ್ವಾತಂತ್ರ್ಯದ ಕಡೆ ನಡೆಸಬೇಕು, ಸಂಬಂಧವನ್ನು ಆಮೇಲೆ ಒಪ್ಪಂದದಲ್ಲಿ ಉಳಿಸಿಕೊಳ್ಳಬೇಕು ಎಂದು ಬರೆದರು. ಸೇನಾನೆಲೆಯ ಮೇಲೆ ಕಣ್ಣಿಟ್ಟಿದ್ದ ಲಂಡನ್ ಒಪ್ಪಲಿಲ್ಲ. ಅದೇ ವರ್ಷ ಲಹೇಜ್‌ನ ಸುಲ್ತಾನರನ್ನು ಪದಚ್ಯುತಗೊಳಿಸಲಾಯಿತು. 1959ರ ಫೆಬ್ರುವರಿಯಲ್ಲಿ ಆರು ಸಣ್ಣ ರಾಜ್ಯಗಳ ಒಕ್ಕೂಟ ಹುಟ್ಟಿತು. 1963ರಲ್ಲಿ, ಲೂಸ್ ಬಿಟ್ಟುಹೋದ ಮೇಲೆ, ಪಟ್ಟಣವನ್ನು ಅದಕ್ಕೆ ಹೊಲಿದರು. ಪಟ್ಟಣದ ಕಾರ್ಮಿಕರು ಆ ಒಕ್ಕೂಟವನ್ನು ಎಂದೂ ತಮ್ಮದೆಂದು ಒಪ್ಪಲಿಲ್ಲ. 1967ರ ನವೆಂಬರ್ ಕೊನೆಯಲ್ಲಿ ಬ್ರಿಟಿಷರು ಹೆಲಿಕಾಪ್ಟರ್ ಹತ್ತಿದಾಗ ಒಕ್ಕೂಟ ಆಗಲೇ ಕುಸಿದಿತ್ತು. ಸುಲ್ತಾನರು ದಿಕ್ಕಾಪಾಲಾದರು.

ಬ್ರಿಟಿಷರು ಕಟ್ಟಿದ ಮನೆಯಲ್ಲಿ ಬ್ರಿಟಿಷರು ಹೋದ ಮೇಲೆ ಯಾರೂ ವಾಸಿಸಲಿಲ್ಲ. ಇದು ಲೂಸ್ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿತ್ತು ಎಂಬುದು ಮುಂದೆ ಅವರು ಮಾಡಿದ್ದಕ್ಕಿಂತ, ಮಾಡದೆ ಬಿಟ್ಟದ್ದರಿಂದ ತಿಳಿಯುತ್ತದೆ.

1961ರಲ್ಲಿ ಅವರು ಬಹರೈನ್‌ನಲ್ಲಿ ಪೊಲಿಟಿಕಲ್ ರೆಸಿಡೆಂಟ್ ಆದರು. ಅದೇ ಬೇಸಿಗೆಯಲ್ಲಿ ಕುವೈತ್ ಸ್ವತಂತ್ರವಾಯಿತು, ಇರಾಕಿನ ಆಡಳಿತಗಾರ ಕಾಸಿಂ ಅದರ ಮೇಲೆ ಹಕ್ಕು ಸಾರಿದರು, ಜುಲೈ 1ರಂದು ಬ್ರಿಟಿಷ್ ಸೇನೆ ಕುವೈತ್‌ನಲ್ಲಿ ಇಳಿಯಿತು. ಆಗಿನ ಅಬುಧಾಬಿ ಕೋಟೆಯ ಸುತ್ತ ಕೆಲವು ಕಟ್ಟಡ, ಮಿಕ್ಕಂತೆ ಈಚಲು ಗರಿಯ ಗುಡಿಸಲು. ನಾವು ಕುಳಿತಿರುವ ಈ ರೀಮ್ ದ್ವೀಪ ಕಾಂಡ್ಲಾ ಗಿಡಗಳ, ಉಪ್ಪು ಮಣ್ಣಿನ ಬಯಲು. ಉಮ್ಮ್ ಶೈಫ್‌ನಲ್ಲಿ ಎಣ್ಣೆ ಸಿಕ್ಕಿದ್ದು 1958ರಲ್ಲಿ, ದಾಸ್ ದ್ವೀಪದಿಂದ ಮೊದಲ ಹಡಗು ತುಂಬಿದ್ದು 1962ರಲ್ಲಿ. ಲೂಸ್ ಅವರ ಕೈಕೆಳಗೆ ಅಬುಧಾಬಿಯ ಪೊಲಿಟಿಕಲ್ ಏಜೆಂಟ್ ಆಗಿದ್ದವರು ಕರ್ನಲ್ ಹ್ಯೂ ಬೂಸ್ಟೆಡ್, 1933ರ ಎವರೆಸ್ಟ್ ತಂಡದಲ್ಲಿದ್ದ, ಒಂಟೆ ದಳ ನಡೆಸಿದ ಆಸಾಮಿ. ನಿವೃತ್ತರಾದ ಮೇಲೂ ಅವರು ಇಲ್ಲಿಗೇ ಮರಳಿ, ಮುಂದೆ ಅಬುಧಾಬಿಯನ್ನಾಳಿದ ಶೇಖ್ ಝಾಯೆದ್ ಅವರ ಕುದುರೆಗಳನ್ನು ನೋಡಿಕೊಂಡಿದ್ದರು. ಇಂಥ ವಿಚಿತ್ರ ಮನುಷ್ಯರ ಕತೆಗಳು ರುಚಿಯಾಗಿರುತ್ತವೆ. ಆದರೆ ಆ ರುಚಿಯಲ್ಲಿ, ಅವರ ಹಿಂದಿದ್ದ ಅಧಿಕಾರದ ಸ್ವರೂಪ ಮರೆಯಾಗಬಾರದು.

ಆ ಅಧಿಕಾರ ನಮ್ಮವರನ್ನು ನೇರವಾಗಿ ಮುಟ್ಟುತ್ತಿತ್ತು. ಭಾರತ ಸ್ವತಂತ್ರವಾಗಿ ವರ್ಷಗಳು ಕಳೆದಿದ್ದರೂ ಇಲ್ಲಿದ್ದ ಭಾರತೀಯ, ಕಾಮನ್‌ವೆಲ್ತ್ ಪ್ರಜೆಯೆಂಬ ನೆಲೆಯಲ್ಲಿ, ಶೇಖರ ನ್ಯಾಯಕ್ಕೆ ಒಳಪಡದೆ ಬ್ರಿಟಿಷ್ ಏಜೆನ್ಸಿಯ ಕೋರ್ಟಿಗೆ ಒಳಪಟ್ಟಿದ್ದ. ಮಂಗಳೂರಿನಿಂದಲೋ ಭಟ್ಕಳದಿಂದಲೋ ಬಂದ ಗುಮಾಸ್ತನ ತಂಟೆ ತಕರಾರು ಲಂಡನ್ನಿನ ಆದೇಶದಡಿ ತೀರ್ಮಾನವಾಗಬೇಕಿತ್ತು. ಈ ಅಧಿಕಾರವನ್ನು 1960ರ ದಶಕದಲ್ಲಿ ಹಂತ ಹಂತವಾಗಿ ಶೇಖರಿಗೆ ಬಿಟ್ಟುಕೊಟ್ಟು 1971ರಲ್ಲಿ ಮುಗಿಸಿದರು. ಜೇಬಿನಲ್ಲಿದ್ದದ್ದೂ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. 1966ರ ಜೂನ್ 6ರಂದು ದಿಲ್ಲಿ ರೂಪಾಯಿಯ ಅಪಮೌಲ್ಯ ಮಾಡಿದಾಗ ಇಲ್ಲಿನವರ ಉಳಿತಾಯ ರಾತ್ರೋರಾತ್ರಿ ಕರಗಿತು. ಅಬುಧಾಬಿ ಬಹರೈನ್ ದಿನಾರಿಗೆ ಹೋಯಿತು. ಇಂದಿನ ದಿರ್ಹಂ ಬಂದದ್ದು 1973ರಲ್ಲಿ.

ಲೂಸ್ ಅವರ ಕಾಲದ ಕರಾಳ ಭಾಗವನ್ನೂ ಹೇಳಬೇಕು. 1965ರ ಜೂನ್‌ನಲ್ಲಿ ಶಾರ್ಜಾದ ಶೇಖ್ ಸಕ್ರ್ ಬಿನ್ ಸುಲ್ತಾನ್ ಗದ್ದುಗೆ ಕಳೆದುಕೊಂಡರು. ಅರಬ್ ಲೀಗಿಗೆ ತಮ್ಮ ಊರಿನಲ್ಲಿ ಕಚೇರಿ ತೆರೆಯಲು ಅವರು ಒಪ್ಪಿದ್ದು ಬ್ರಿಟಿಷರ ದೃಷ್ಟಿಯಲ್ಲಿ ಅಪರಾಧವಾಗಿತ್ತು. ಕಾಗದದ ಮೇಲೆ ಇದು ಕುಟುಂಬದ ತೀರ್ಮಾನ, ಹಿಂದೆ ಇದ್ದದ್ದು ರೆಸಿಡೆನ್ಸಿಯ ಕೈ. 1966ರ ಆಗಸ್ಟ್ 6ರಂದು, ಲೂಸ್ ನಿವೃತ್ತರಾಗಿ ಹೋದ ಸ್ವಲ್ಪದರಲ್ಲೇ, 1928ರಿಂದ ಅಬುಧಾಬಿಯನ್ನು ಆಳಿದ್ದ ಶೇಖ್ ಶಖ್‌ಬೂತ್ ಅವರ ಬದಲಿಗೆ ತಮ್ಮ ಶೇಖ್ ಝಾಯೆದ್ ಬಂದರು. ಎಣ್ಣೆಯ ಹಣ ಬರುತ್ತಿದ್ದರೂ ಖರ್ಚು ಮಾಡಲು ಶಖ್‌ಬೂತ್ ಹಿಂದೆಮುಂದೆ ನೋಡುತ್ತಿದ್ದರು ಎಂಬುದು ಸಾಮಾನ್ಯ ವಿವರಣೆ. ಝಾಯೆದ್ ಅವರ ಆಡಳಿತ ಏನು ಸಾಧಿಸಿತು ಎಂಬುದನ್ನು ಇಲ್ಲಿ ಕೂತವರಿಗೆ ಹೇಳಬೇಕಿಲ್ಲ. ಆದರೂ ಒಳಾಡಳಿತದಲ್ಲಿ ಕೈಹಾಕುವುದಿಲ್ಲ ಎಂದು ಬರೆದುಕೊಟ್ಟ ಶಕ್ತಿ, ಬೇಕೆನಿಸಿದಾಗ ಗದ್ದುಗೆಯನ್ನೇ ಅಲುಗಿಸುತ್ತಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಶಕ್ತಿಯೂ ಅದೇ, ದುರಾಡಳಿತವೆಂಬ ನೆಪವೂ ಅದೇ.

1968ರ ಜನವರಿ 16ರಂದು ಪ್ರಧಾನಿ ಹೆರಾಲ್ಡ್ ವಿಲ್ಸನ್, 1971ರ ಕೊನೆಯೊಳಗೆ ಕೊಲ್ಲಿಯಿಂದ ಸೇನೆ ಹಿಂತೆಗೆಯುವುದಾಗಿ ಪ್ರಕಟಿಸಿದರು. ಪೌಂಡು ಕುಸಿದಿತ್ತು, ಬೊಕ್ಕಸ ಬರಿದಾಗಿತ್ತು. ಮಂತ್ರಿ ಗೊರೊನ್ವಿ ರಾಬರ್ಟ್ಸ್ 1967ರ ನವೆಂಬರ್‌ನಲ್ಲಿ ಕೊಲ್ಲಿಗೆ ಬಂದು, ನಾವೆಲ್ಲೂ ಹೋಗುವುದಿಲ್ಲವೆಂದು ಶೇಖರಿಗೆ ಭರವಸೆ ಕೊಟ್ಟಿದ್ದರು. ಎರಡು ತಿಂಗಳಿಗೆ ಅದೇ ಮಂತ್ರಿ ಅದೇ ಮಜ್ಲಿಸ್‌ಗಳಲ್ಲಿ ಕೂತು ಅದಕ್ಕೆ ತದ್ವಿರುದ್ಧ ಹೇಳಬೇಕಾಯಿತು. ಸೇನೆಯ ಖರ್ಚನ್ನು ನಾವೇ ಕೊಡುತ್ತೇವೆ ಎಂದ ಶೇಖರ ಮಾತನ್ನು ಲಂಡನ್ ತಳ್ಳಿಹಾಕಿತು. ವಿಶ್ವಾಸ ಅಲ್ಲಿಗೆ ಮುರಿಯಿತು.

ನಿವೃತ್ತ ಲೂಸ್ ಆಗ ಅವಸರದ ನಿರ್ಗಮನವನ್ನು ವಿರೋಧಿಸಿ ಬರೆಯುತ್ತ, ಭಾಷಣ ಮಾಡುತ್ತ ಇದ್ದರು. ವಿರೋಧ ಪಕ್ಷದ ಎಡ್ವರ್ಡ್ ಹೀತ್, ಅಧಿಕಾರಕ್ಕೆ ಬಂದರೆ ಈ ತೀರ್ಮಾನ ಬದಲಿಸುವ ಮಾತಾಡುತ್ತಿದ್ದರು. 1970ರ ಜೂನ್‌ನಲ್ಲಿ ಹೀತ್ ಗೆದ್ದರು. ವಿದೇಶಾಂಗ ಮಂತ್ರಿ ಅಲೆಕ್ ಡಗ್ಲಸ್ ಹ್ಯೂಂ, ಕೊಲ್ಲಿಯ ವಿಶೇಷ ಪ್ರತಿನಿಧಿಯಾಗಿ ಕರೆಸಿಕೊಂಡದ್ದು ಲೂಸ್ ಅವರನ್ನೇ. ಉಳಿಯಬೇಕೆಂದು ವಾದಿಸಿದವನನ್ನೇ ಕಳಿಸಿದರೆ ಉಳಿಯುವ ದಾರಿ ಹುಡುಕಿಕೊಡುತ್ತಾನೆ ಎಂದು ಪಕ್ಷದ ಕೆಲವರು ಆಸೆಪಟ್ಟಿರಬೇಕು. ಲೂಸ್ ರಾಜಧಾನಿಯಿಂದ ರಾಜಧಾನಿಗೆ ಸುತ್ತಿದರು, ಕೇಳಿದರು, ಹಿಂತಿರುಗಿ ಹೇಳಿದರು: ಇನ್ನು ಹಿಂದೆ ಸರಿಯಲಾಗದು, ಹೋಗಲೇಬೇಕು. ಇರಾನಿನ ಶಾ ಒಪ್ಪುತ್ತಿರಲಿಲ್ಲ, ಸೌದಿ ದೊರೆಗೂ ಬೇಕಿರಲಿಲ್ಲ. ಶೇಖರು ಖಾಸಗಿಯಾಗಿ ಉಳಿಯಿರಿ ಎಂದರೂ ಅರಬ್ ಜಗತ್ತಿನೆದುರು ಅದನ್ನು ಬಾಯಿಬಿಟ್ಟು ಹೇಳಲಾರರಾಗಿದ್ದರು. 1971ರ ಮಾರ್ಚ್ 1ರಂದು ಹ್ಯೂಂ ಪಾರ್ಲಿಮೆಂಟಿನಲ್ಲಿ ಅದನ್ನೇ ಸಾರಿದರು. ತಾನು ಹಿಡಿದಿದ್ದ ಅಭಿಪ್ರಾಯವನ್ನು ಆಳುವ ಪಕ್ಷಕ್ಕೆ ಅಪ್ರಿಯವಾಗುವ ಹೊತ್ತಿನಲ್ಲೇ ಕೆಳಗಿಟ್ಟದ್ದು ಈ ವೃತ್ತಿಯ ಅತ್ಯಂತ ಘನವಾದ ಕ್ಷಣ ಎಂದು ನನ್ನ ಎಣಿಕೆ.

ಇಂದಿನ ಯುಎಇ ಆದ ಕೊಲ್ಲಿಯ ಒಕ್ಕೂಟದ ಕತೆಯಲ್ಲಿ ಮುಖ್ಯ ಪಾತ್ರ ಲೂಸ್ ಅವರದಲ್ಲ. 1968ರ ಫೆಬ್ರುವರಿ 18ರಂದೇ ಅಬುಧಾಬಿಯ ಶೇಖ್ ಝಾಯೆದ್, ದುಬೈಯ ಶೇಖ್ ರಾಶಿದ್ ಎರಡು ಸೀಮೆಗಳ ಗಡಿಯ ಮರಳಿನಲ್ಲಿ ಭೇಟಿಯಾಗಿ ಒಂದಾಗುವುದಕ್ಕೆ ಒಪ್ಪಿದ್ದರು. ಎರಡು ದಶಕದ ಹಿಂದೆ ಈ ಎರಡು ಮನೆತನಗಳ ನಡುವೆ ಗಡಿಗಾಗಿ ಕಾದಾಟ ನಡೆದಿತ್ತು ಎಂಬುದನ್ನು ನೆನೆದರೆ ಆ ಭೇಟಿಯ ತೂಕ ತಿಳಿಯುತ್ತದೆ. ಅದೇ ತಿಂಗಳ ಕೊನೆಗೆ ಬಹರೈನ್, ಕತಾರ್ ಸೇರಿ ಒಂಬತ್ತು ಸೀಮೆಗಳ ಶೇಖರು ದುಬೈಯಲ್ಲಿ ಕೂತರು. ರಾಜಧಾನಿ ಎಲ್ಲಿ, ಯಾರಿಗೆಷ್ಟು ಪ್ರಾತಿನಿಧ್ಯ ಎಂಬಲ್ಲಿ ಮೂರು ವರ್ಷ ಕಳೆಯಿತು. ಇರಾನ್ ಬಹರೈನ್ ಮೇಲಿನ ಹಕ್ಕನ್ನು 1970ರಲ್ಲಿ ವಿಶ್ವಸಂಸ್ಥೆಯ ವಿಚಾರಣೆಯ ನಂತರ ಬಿಟ್ಟ ಮೇಲೆ ಬಹರೈನ್‌ಗೆ ಒಕ್ಕೂಟದ ಆಸರೆ ಬೇಕಾಗಲಿಲ್ಲ. 1971ರ ಆಗಸ್ಟ್‌ನಲ್ಲಿ ಅದು, ಸೆಪ್ಟೆಂಬರ್‌ನಲ್ಲಿ ಕತಾರ್, ಬೇರೆಯಾಗಿ ಸ್ವತಂತ್ರವಾದವು. ಉಳಿದವರಲ್ಲಿ ಆರು ಮಂದಿ ಅದಕ್ಕೂ ಮೊದಲೇ, ಜುಲೈ 18ರಂದು ತಾತ್ಕಾಲಿಕ ಸಂವಿಧಾನಕ್ಕೆ ಒಪ್ಪಿದರು. ಡಿಸೆಂಬರ್ 2ರಂದು ಒಕ್ಕೂಟ ಹುಟ್ಟಿತು. ರಾಸ್ ಅಲ್ ಖೈಮಾ 1972ರ ಫೆಬ್ರುವರಿಯಲ್ಲಿ ಸೇರಿತು.

ಇದರುದ್ದಕ್ಕೂ ಲೂಸ್ ಒತ್ತಾಯಿಸಿದರು, ಓಡಾಡಿದರು, ಸುದ್ದಿ ಮುಟ್ಟಿಸಿದರು. ಸಿದ್ಧ ಒಕ್ಕೂಟವೊಂದನ್ನು ಕಟ್ಟಿ ಕೈಗಿಡಲಿಲ್ಲ. ತಾತ್ಕಾಲಿಕವೆಂದು ಕರೆದ ಸಂವಿಧಾನ 1996ರಲ್ಲಿ ಶಾಶ್ವತವಾಯಿತು. ಅಬುಧಾಬಿ, ದುಬೈ ಎರಡಕ್ಕೂ ಮುಖ್ಯ ವಿಷಯಗಳಲ್ಲಿ ತಡೆಯುವ ಅಧಿಕಾರ, ರಾಷ್ಟ್ರೀಯ ಮಂಡಳಿಯ 40 ಸ್ಥಾನಗಳಲ್ಲಿ ಎಂಟೆಂಟು. ಇದೆಲ್ಲ ಚೌಕಾಶಿಯಲ್ಲಿ ಹುಟ್ಟಿದ್ದು ಎಂಬುದು ಎದ್ದು ಕಾಣುತ್ತದೆ. ತಾವೇ ಚೌಕಾಶಿ ಮಾಡಿ ಪಡೆದದ್ದರಿಂದಲೇ ಅದು ಬಾಳಿತು. ಏಡನ್ನಿನ ಒಕ್ಕೂಟದ ಕಾಗದ ಇದಕ್ಕಿಂತ ನಯವಾಗಿತ್ತು.

ಆದರೆ ದ್ವೀಪಗಳ ವಿಷಯದಲ್ಲಿ ಲೂಸ್ ಕೈಗೆ ಮಸಿ ಅಂಟಿತು. ಅಬು ಮೂಸಾ ಶಾರ್ಜಾದ್ದು, ದೊಡ್ಡ ಮತ್ತು ಸಣ್ಣ ತುಂಬ್ ರಾಸ್ ಅಲ್ ಖೈಮಾದವು. ಶಾಗೆ ಮೂರೂ ಬೇಕು. ಇರಾನನ್ನು ಎದುರು ಹಾಕಿಕೊಂಡು ಹೋಗುವ ಮನಸ್ಸು ಲಂಡನ್ನಿಗೆ ಇರಲಿಲ್ಲ. ಲೂಸ್ ಮಧ್ಯಸ್ಥಿಕೆಯಲ್ಲಿ ಶಾರ್ಜಾದ ಶೇಖ್ ಖಾಲಿದ್ ಅಬು ಮೂಸಾ ಕುರಿತು ಇರಾನಿನೊಂದಿಗೆ ರಾಜಿಗೆ ಬಂದರು. ರಾಸ್ ಅಲ್ ಖೈಮಾ ಒಪ್ಪಲಿಲ್ಲ. ನವೆಂಬರ್ 30ರಂದು, ಬ್ರಿಟಿಷ್ ರಕ್ಷಣೆಯ ಹೊಣೆ ಮುಗಿಯಲು ಇನ್ನೊಂದೇ ದಿನ ಇರುವಾಗ, ಇರಾನ್ ತುಂಬ್ ದ್ವೀಪಗಳನ್ನು ಬಲದಿಂದ ಹಿಡಿಯಿತು. ಬ್ರಿಟಿಷರು ಅಲುಗಲಿಲ್ಲ. ಪ್ರತೀಕಾರವಾಗಿ ಲಿಬಿಯಾ ಬ್ರಿಟಿಷ್ ಪೆಟ್ರೋಲಿಯಂ ಆಸ್ತಿಯನ್ನು ವಶಪಡಿಸಿಕೊಂಡಿತು. 1972ರ ಜನವರಿಯಲ್ಲಿ ಪದಚ್ಯುತ ಸಕ್ರ್ ಶಾರ್ಜಾಕ್ಕೆ ಮರಳಿ ಅರಮನೆಗೆ ನುಗ್ಗಿದರು. ಆ ದಾಳಿಯಲ್ಲಿ ಶೇಖ್ ಖಾಲಿದ್ ಸತ್ತರು. 1965ರ ಕೆಲಸ ಮತ್ತು 1971ರ ಕೆಲಸ, ಎರಡರ ಲೆಕ್ಕವೂ ಒಂದೇ ರಾತ್ರಿ ಒಂದೇ ಅಂಗಳದಲ್ಲಿ ಕೂಡಿತು. ದ್ವೀಪಗಳ ತಗಾದೆ ಇಂದಿಗೂ ಮುಗಿದಿಲ್ಲ.

ಇನ್ನು ಮೈಸೂರಿನ ಜೊತೆಗಿನ ಹೋಲಿಕೆ. 1971ರ ಡಿಸೆಂಬರ್ ತಿಂಗಳಲ್ಲೇ ಭಾರತದ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ರದ್ದುಮಾಡಿ ಮಾಜಿ ಸಂಸ್ಥಾನಿಕರ ಕೊನೆಯ ಮನ್ನಣೆಯನ್ನೂ ಕಿತ್ತುಹಾಕಿತು. 21 ತೋಪಿನ ಒಡೆಯರು ಸಾಮಾನ್ಯ ಪ್ರಜೆಯಾದ ತಿಂಗಳಲ್ಲಿ ಮೂರು, ಐದು ತೋಪಿನ ಶೇಖರು ಸ್ವತಂತ್ರ ರಾಷ್ಟ್ರದ ಒಡೆಯರಾದರು. ಎಣ್ಣೆಯೊಂದೇ ಇದಕ್ಕೆ ಕಾರಣವೆನ್ನುವುದು ಸೋಮಾರಿ ಉತ್ತರ. ಫುಜೈರಾದಲ್ಲಿ, ಅಜ್ಮಾನ್‌ನಲ್ಲಿ ಎಣ್ಣೆಯೆಲ್ಲಿತ್ತು? ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ಶಾಲೆ, ಪತ್ರಿಕೆ, ಕಾಂಗ್ರೆಸ್ ಇದ್ದವು. 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜನ ಮೈಸೂರು ಚಲೋ ಎಂದು ಬೀದಿಗಿಳಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ರೆಸಿಡೆಂಟ್ ಹೋದ ಜಾಗವನ್ನು ತುಂಬಲು ಒಂದು ರಾಷ್ಟ್ರವೇ ಕಾದಿತ್ತು. ಇಲ್ಲಿ 1968ರ ಗಣತಿಯ ಪ್ರಕಾರ ಏಳೂ ಸೀಮೆಗಳಲ್ಲಿ ಸುಮಾರು 1,80,000 ಜನ. ಬುಡಕಟ್ಟಿನ ನಿಷ್ಠೆ, ಮಜ್ಲಿಸ್, ಶೇಖ್. ಮಾತಾಡಬಲ್ಲವರು ಅವರೇ ಆಗಿದ್ದರು.

ಇಂಗ್ಲಿಷರು ಹೋದ ಮೇಲೆ ಅವರದ್ದೇನು ಉಳಿಯಿತು ಎಂಬುದಕ್ಕೆ ನಾವು ಕುಳಿತಿರುವ ಈ ರೀಮ್ ದ್ವೀಪವೇ ಒಂದು ತಮಾಷೆಯ ಉದಾಹರಣೆ. 2015ರಿಂದ ಅಬುಧಾಬಿ ಗ್ಲೋಬಲ್ ಮಾರ್ಕೆಟ್ ಎಂಬ ಹಣಕಾಸು ವಲಯ ಸಿವಿಲ್ ಮತ್ತು ವಾಣಿಜ್ಯ ವ್ಯವಹಾರಗಳಿಗೆ ಇಂಗ್ಲಿಷ್ ಕಾಮನ್ ಲಾವನ್ನು ನೇರವಾಗಿ ಅನ್ವಯಿಸುತ್ತಿದೆ. 2023ರಲ್ಲಿ ಅದರ ವ್ಯಾಪ್ತಿಯನ್ನು ಅಲ್ ಮಾರ್ಯಾ ದ್ವೀಪದಿಂದ ಅಲ್ ರೀಮ್ ದ್ವೀಪಕ್ಕೂ ಹಬ್ಬಿಸಲಾಯಿತು. ಅಪರಾಧ ಕಾನೂನು ಒಕ್ಕೂಟದ್ದೇ. ಅಂದು ಬ್ರಿಟಿಷರ ನ್ಯಾಯ ಏಜೆಂಟರ ಜೊತೆ ಬಂದು ಶೇಖರ ಅಧಿಕಾರವನ್ನು ಮೊಟಕುಗೊಳಿಸಿತ್ತು. ಇಂದು ಇಲ್ಲಿನ ಸರ್ಕಾರ ಹೂಡಿಕೆದಾರರಿಗೆ ಅನುಕೂಲವೆಂದು ತಾನೇ ಆಯ್ದು ತಂದುಕೊಂಡಿದೆ, ಬೇಡವೆನಿಸಿದರೆ ತಾನೇ ತೆಗೆಯಬಹುದು. ಸ್ವತಂತ್ರ ದೇಶಕ್ಕೂ ಸಂರಕ್ಷಿತ ಸೀಮೆಗೂ ಇರುವ ವ್ಯತ್ಯಾಸವನ್ನು ಕಾನೂನು ವಿದ್ಯಾರ್ಥಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಕೊನೆಯದಾಗಿ ಆಕರಗಳ ಮಾತು. ಕಾರ್ಫೀಲ್ಡ್ ಸುಡಿಸಿದರು; ಕೊಲ್ಲಿ ರೆಸಿಡೆನ್ಸಿಯ ಕಡತಗಳು ಬಹುಪಾಲು ಉಳಿದಿವೆ. ಹಳೆಯವು ಲಂಡನ್ನಿನಲ್ಲಿ ಇಂಡಿಯಾ ಆಫೀಸಿನ ದಾಖಲೆಗಳೊಂದಿಗಿವೆ, ಅವುಗಳಲ್ಲಿ ಅಸಂಖ್ಯ ಪುಟಗಳನ್ನು ಕತಾರಿನ ರಾಷ್ಟ್ರೀಯ ಗ್ರಂಥಾಲಯದ ಸಹಯೋಗದಲ್ಲಿ ಎಲ್ಲರೂ ಓದುವಂತೆ ತೆರೆದಿಟ್ಟಿದ್ದಾರೆ. ಅಬುಧಾಬಿಯ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಸ್ಥೆಯೂ ಬ್ರಿಟಿಷ್ ಕಾಲದ ಕಾಗದಗಳನ್ನು ಆನ್‌ಲೈನಿನಲ್ಲಿ ಒದಗಿಸಿದೆ. ಲೂಸ್ ಅವರ ಪತ್ನಿ ಮಾರ್ಗರೆಟ್ ಬರೆದಿಟ್ಟ ಏಡನ್ ಮತ್ತು ಕೊಲ್ಲಿಯ ದಿನಚರಿ ಅಚ್ಚಾಗಿದೆ. ಇವೆಲ್ಲವನ್ನೂ ಅರಬರು ತಮ್ಮ ಪ್ರಶ್ನೆಗಳನ್ನಿಟ್ಟುಕೊಂಡು ಓದಿದ್ದಾರೆ, ಇಂಗ್ಲಿಷರು ತಮ್ಮವನ್ನಿಟ್ಟುಕೊಂಡು. ಏಜೆನ್ಸಿ ಕೋರ್ಟುಗಳ ವ್ಯಾಜ್ಯಗಳಲ್ಲಿ, ಹಡಗುಗಳ ದೂರುಗಳಲ್ಲಿ, ಮಂಗಳೂರಿನ ಹಂಚು, ಕೆನರಾದ ಮರಮುಟ್ಟು ಹೊತ್ತ ಮಂಜಿಗಳ ಜಾಡು ಹಿಡಿದು ಕನ್ನಡ ಕರಾವಳಿಯ ಕಡೆಯಿಂದ ಅವನ್ನು ಓದುವ ಕೆಲಸ ಬಾಕಿ ಇದೆ. ಈ ದತ್ತಿಯಿಂದ ಅಂಥ ಒಬ್ಬಿಬ್ಬರು ಓದುಗರಿಗೆ ಒಂದು ವರ್ಷದ ಬಿಡುವು ದೊರಕಿಸಲು ಸಾಧ್ಯವೇ ಎಂದು ದಾನಿಗಳು ಯೋಚಿಸಬೇಕೆಂದು ಕೋರುತ್ತೇನೆ.